ಚಾರ್ಲ್ಸ್ ಡಾರ್ವಿನ್ ಸಂಶೋಧನಾ ಕೇಂದ್ರ, ಗಲಾಪಗೋಸ್: ಹೋಗುವುದಾದರೆ ಅರ್ಧ ದಿನ ಇಟ್ಟುಕೊಂಡು ಹೋಗಿ

ಈಕ್ವೆಡಾರ್ ದೇಶದ ಗಲಾಪಗೋಸ್ ದ್ವೀಪಗಳಲ್ಲಿರುವ ಪುಯೆರ್ತೊ ಅಯೋರಾ ಊರಿನಲ್ಲಿ ಹಡಗಿನಿಂದ ಇಳಿಯುವ ಪ್ರವಾಸಿ ತಂಡಗಳು ಈ ಕೇಂದ್ರಕ್ಕೆ ಹೆಚ್ಚೆಂದರೆ ಒಂದು ಗಂಟೆ ಕೊಡುತ್ತವೆ. ದೈತ್ಯ ಆಮೆಯ ಮುಂದೆ ಒಂದು ಫೋಟೊ, ಅಂಗಡಿಯಲ್ಲಿ ಒಂದು ಟೀ ಶರ್ಟು, ಮತ್ತೆ ದೋಣಿ. ಬರೀ ದೊಡ್ಡ ಆಮೆ ನೋಡಬೇಕು ಅಂತಿದ್ದರೆ ಇಲ್ಲಿಗೆ ಬರಲೇಬೇಕೆಂದಿಲ್ಲ. ಇದೇ ಸಾಂತಾ ಕ್ರೂಸ್ ದ್ವೀಪದ ಎತ್ತರದ ಭಾಗದಲ್ಲಿ, ದನ ಮೇಯುವ ಹುಲ್ಲುಗಾವಲುಗಳಲ್ಲಿ, ಭಾರೀ ಆಮೆಗಳು ಬೇಲಿಯ ಹಂಗಿಲ್ಲದೆ ಅಡ್ಡಾಡಿಕೊಂಡಿರುತ್ತವೆ. ಈ ಕೇಂದ್ರದ ಬೆಲೆ ಇರುವುದು ಇಲ್ಲಿ ನಡೆಯುವ ಕೆಲಸದಲ್ಲಿ. ಹದಿನಾಲ್ಕಕ್ಕೆ ಇಳಿದಿದ್ದ ಒಂದು ಜಾತಿಯ ಆಮೆಯನ್ನು ಎರಡು ಸಾವಿರಕ್ಕೆ ಏರಿಸಿದ ಕೆಲಸ ಶುರುವಾದದ್ದು ಇಲ್ಲೇ. ಅದು ಹೇಗೆ ಸಾಧ್ಯವಾಯಿತು ಎಂಬುದು ತಲೆಗೆ ಹೋಗಲು ಮೂರು ನಾಲ್ಕು ಗಂಟೆ ಬೇಕು. ಅಷ್ಟು ಹೊತ್ತು ಕೊಡುವವರಿಗೆ ಈ ದ್ವೀಪಸಮೂಹದಲ್ಲಿ ಇದಕ್ಕಿಂತ ಹೆಚ್ಚು ಕಲಿಸುವ ಜಾಗ ಇನ್ನೊಂದಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಮೊದಲು ಒಂದು ಗೊಂದಲ ಬಿಡಿಸಬೇಕು. ಒಂದೇ ರಸ್ತೆಯಲ್ಲಿ, ಒಂದೇ ಆವರಣ ಎಂಬಂತೆ ಕಾಣುವ ಜಾಗದಲ್ಲಿ ಎರಡು ಬೇರೆ ಬೇರೆ ಸಂಸ್ಥೆಗಳಿವೆ. ಸಂಶೋಧನಾ ಕೇಂದ್ರವನ್ನು ನಡೆಸುವುದು ಚಾರ್ಲ್ಸ್ ಡಾರ್ವಿನ್ ಫೌಂಡೇಶನ್. ಅದು 1959ರಲ್ಲಿ ಬ್ರಸೆಲ್ಸ್‌ನಲ್ಲಿ ಹುಟ್ಟಿದ, ಲಾಭದ ಉದ್ದೇಶವಿಲ್ಲದ ಖಾಸಗಿ ಸಂಸ್ಥೆ. ಕೇಂದ್ರದ ಉದ್ಘಾಟನೆಯಾದದ್ದು 1964ರ ಜನವರಿಯಲ್ಲಿ. ಆಮೆಗಳಿರುವ ಫೌಸ್ಟೊ ಯೆರೆನಾ ಸಂವರ್ಧನಾ ಕೇಂದ್ರವೋ, ಈಕ್ವೆಡಾರ್ ಸರ್ಕಾರದ ಗಲಾಪಗೋಸ್ ರಾಷ್ಟ್ರೀಯ ಉದ್ಯಾನ ನಿರ್ದೇಶನಾಲಯದ್ದು. ಆಮೆ ಸಾಕಣೆಯನ್ನು 1965ರಲ್ಲಿ ಶುರುಮಾಡಿದ್ದು ಸಂಶೋಧನಾ ಕೇಂದ್ರವೇ ಆದರೂ ಇವತ್ತು ಆಮೆಗಳ ಹೊಣೆ ಉದ್ಯಾನದ ಮೇಲಿದೆ. ಸಂದರ್ಶಕರಿಗೆ ಇದರಿಂದ ಏನಾಗಬೇಕು ಎನ್ನಿಸಬಹುದು. ದುಡ್ಡಿನ ಮಟ್ಟಿಗೆ ಬಹಳ ಆಗಬೇಕು. ವಿಮಾನ ನಿಲ್ದಾಣದಲ್ಲಿ ಕಟ್ಟಿದ ಉದ್ಯಾನ ಪ್ರವೇಶ ಶುಲ್ಕದಿಂದಲೇ ಈ ವಿಜ್ಞಾನವೆಲ್ಲ ನಡೆಯುತ್ತಿದೆ ಅಂದುಕೊಂಡು ಎಷ್ಟೋ ಜನ ದೇಣಿಗೆಯ ಪೆಟ್ಟಿಗೆಯ ಮುಂದೆ ಸುಮ್ಮನೆ ಹಾದುಹೋಗುತ್ತಾರೆ. ಸಂಶೋಧನಾ ಕೇಂದ್ರ ನಡೆಯುವುದು ದೇಣಿಗೆ, ಅನುದಾನ ಮತ್ತು ಅಂಗಡಿಯ ವ್ಯಾಪಾರದ ಮೇಲೆ. ಈ ವ್ಯತ್ಯಾಸವನ್ನು ಬಾಗಿಲಲ್ಲೇ ಇನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಹಾಕಬೇಕಿತ್ತು.

ಈಕ್ವೆಡಾರ್‌ನ ಕರಾವಳಿಯಿಂದ ಗಲಾಪಗೋಸ್‌ಗೆ ಸುಮಾರು 1,000 ಕಿಲೊಮೀಟರ್. ಕೀಟೊ ಅಥವಾ ಗ್ವಾಯಾಕಿಲ್ ವಿಮಾನ ನಿಲ್ದಾಣದಲ್ಲೇ 20 ಡಾಲರಿನ ಸಂಚಾರ ಕಾರ್ಡ್ ಕೊಳ್ಳಬೇಕು, ಬ್ಯಾಗುಗಳನ್ನು ಜೈವಿಕ ಸುರಕ್ಷತಾ ತಪಾಸಣೆಗೆ ಒಡ್ಡಬೇಕು. ಹಣ್ಣು, ಬೀಜ, ಮಣ್ಣು ಮೆತ್ತಿದ ಬೂಟು ಇದ್ದರೆ ಅಲ್ಲೇ ತಡೆಯುತ್ತಾರೆ. ಬಾಲ್ಟ್ರಾ ದ್ವೀಪದಲ್ಲಿ ಇಳಿದ ಮೇಲೆ ಉದ್ಯಾನ ಶುಲ್ಕ. 2024ರ ಆಗಸ್ಟ್ 1ರಿಂದ ಇದು ವಿದೇಶಿ ವಯಸ್ಕರಿಗೆ 100ರಿಂದ 200 ಡಾಲರಿಗೆ ಏರಿದೆ; ನಗದು ಕೈಯಲ್ಲಿರಲಿ. ಈಕ್ವೆಡಾರ್‌ನಲ್ಲಿ 2000ನೇ ಇಸವಿಯಿಂದ ಅಮೆರಿಕದ ಡಾಲರೇ ಚಲಾವಣೆಯಲ್ಲಿರುವುದರಿಂದ ವಿನಿಮಯದ ತಾಪತ್ರಯವಿಲ್ಲ, ಆದರೆ ದೊಡ್ಡ ನೋಟಿಗೆ ಚಿಲ್ಲರೆ ಸಿಗುವುದು ಕಷ್ಟ. ಅಲ್ಲಿಂದ ಬಸ್ಸು, ಇತಾಬಾಕಾ ಕಾಲುವೆ ದಾಟಲು ದೋಣಿ, ಆಚೆ ದಡದಿಂದ ಮತ್ತೆ ಬಸ್ಸು ಅಥವಾ ಟ್ಯಾಕ್ಸಿಯಲ್ಲಿ ದ್ವೀಪವನ್ನು ಉತ್ತರದಿಂದ ದಕ್ಷಿಣಕ್ಕೆ ಅಡ್ಡ ದಾಟಿದರೆ ಪುಯೆರ್ತೊ ಅಯೋರಾ. ಊರಿನ ದೋಣಿಕಟ್ಟೆಯಿಂದ ಕೇಂದ್ರಕ್ಕೆ ಕಡಲ ಪಕ್ಕದ ಚಾರ್ಲ್ಸ್ ಡಾರ್ವಿನ್ ಅವೆನ್ಯೂ ಹಿಡಿದು ಇಪ್ಪತ್ತು ನಿಮಿಷದ ನಡಿಗೆ. ಟ್ಯಾಕ್ಸಿ ಬೇಡ, ನಡೆದೇ ಹೋಗಿ. ಆಮೆ ಆವರಣಕ್ಕೆ ಈಚೆಗೆ ಮಾರ್ಗದರ್ಶಿಯಿಲ್ಲದೆ ಬಿಡುವುದಿಲ್ಲ. ಅದರ ಶುಲ್ಕ ಬೇರೆ, ದರ ಬದಲಾಗುತ್ತಿರುತ್ತದೆ, ಗೇಟಿನಲ್ಲಿ ಕೇಳಿಕೊಳ್ಳಿ.

ಈ ಮಾರ್ಗದರ್ಶಿ ನಿಯಮದ ಬಗ್ಗೆ ಪ್ರವಾಸಿಗರಲ್ಲಿ ಗೊಣಗಾಟವಿದೆ. ನಮಗಂತೂ ಅದು ಸರಿಯೆನ್ನಿಸುತ್ತದೆ. ಯಾಕೆಂದರೆ ಇಲ್ಲಿನ ಅತಿ ಮುಖ್ಯ ಕೆಲಸ ನಡೆಯುವ ಕಾವುಕೋಣೆಯೊಳಗೆ ಸಂದರ್ಶಕರಿಗೆ ಪ್ರವೇಶವಿಲ್ಲ. ಹೊರಗಿನಿಂದ ಕಾಣುವುದು ಮರಿಗಳ ದೊಡ್ಡಿಗಳು ಮಾತ್ರ. ವಿವರಿಸುವವರು ಜೊತೆಗಿಲ್ಲದಿದ್ದರೆ ಬೆನ್ನ ಮೇಲೆ ನಂಬರು ಬರೆಸಿಕೊಂಡ ಒಂದಷ್ಟು ಮರಿಯಾಮೆಗಳನ್ನು ಕಂಡು ವಾಪಸಾಗುತ್ತೀರಿ.

ಆ ಕೋಣೆಯ ಕೆಲಸ ಶುರುವಾಗುವುದು ಹೊರಗೆ, ಗೂಡಿನಲ್ಲಿ. ಹೆಣ್ಣಾಮೆ ಹಿಂಗಾಲಿನಿಂದ ಸುಮಾರು 30 ಸೆಂಟಿಮೀಟರ್ ಆಳದ ಗುಂಡಿ ತೋಡಿ, ಟೆನಿಸ್ ಚೆಂಡಿನ ಗಾತ್ರದ ಮೊಟ್ಟೆಗಳನ್ನಿಟ್ಟು, ಮೂತ್ರದಲ್ಲಿ ಕಲಸಿದ ಮಣ್ಣನ್ನು ಮೇಲೆ ಮೆತ್ತುತ್ತದೆ. ಆ ಮುಚ್ಚಳ ಒಣಗಿ ಗಾರೆಯಂತೆ ಗಟ್ಟಿಯಾಗುತ್ತದೆ. ಸಿಬ್ಬಂದಿ ಗೂಡು ಬಿಚ್ಚಿ ಮೊಟ್ಟೆ ತೆಗೆಯುವಾಗ ಒಂದು ನಿಯಮವನ್ನು ಕಣ್ಣಲ್ಲಿ ಕಣ್ಣಿಟ್ಟು ಪಾಲಿಸುತ್ತಾರೆ: ಮೊಟ್ಟೆ ಗೂಡಿನಲ್ಲಿ ಯಾವ ಮುಖ ಮೇಲಾಗಿ ಇತ್ತೋ ಕಾವುಪೆಟ್ಟಿಗೆಯಲ್ಲೂ ಅದೇ ಮುಖ ಮೇಲಾಗಿ ಇರಬೇಕು. ಅದಕ್ಕೇ ಮೇಲಿನ ಮುಖಕ್ಕೆ ಪೆನ್ಸಿಲ್ ಗುರುತು. ಕೋಳಿ ತನ್ನ ಮೊಟ್ಟೆಯನ್ನು ದಿನಕ್ಕೆ ಹಲವು ಸಲ ಹೊರಳಿಸುತ್ತದೆ. ಆಮೆಯ ಮೊಟ್ಟೆಯನ್ನು ಹಾಗೆ ಹೊರಳಿಸಿದರೆ ಕೆಡುತ್ತದೆ. ಒಳಗಿನ ಭ್ರೂಣ ಮೊದಲ ಕೆಲವು ದಿನಗಳಲ್ಲೇ ಚಿಪ್ಪಿನ ಮೇಲ್ಭಾಗಕ್ಕೆ ಅಂಟಿಕೊಂಡು ಬೆಳೆಯುತ್ತದೆ. ತಿರುಗಿಸಿದರೆ ಆ ಅಂಟು ಹರಿದು ಭ್ರೂಣ ಸಾಯುತ್ತದೆ. ಹೊರಗಿನಿಂದ ನೋಡಿದರೆ ಮೊಟ್ಟೆಗೆ ಏನೂ ಆದಂತೆ ಕಾಣುವುದಿಲ್ಲ, ನಾಲ್ಕು ತಿಂಗಳು ಕಾದ ಮೇಲೆ ಮರಿ ಬರುವುದಿಲ್ಲ, ಅಷ್ಟೆ.

ಇನ್ನು ತಾಪಮಾನ. ಈ ಆಮೆಗಳಲ್ಲಿ ಗಂಡೋ ಹೆಣ್ಣೋ ಎಂಬುದನ್ನು ತೀರ್ಮಾನಿಸುವುದು ಮೊಟ್ಟೆಗೆ ಸಿಕ್ಕ ಬಿಸಿ. 28 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟರೆ ಗಂಡು, 29.5ರಲ್ಲಿಟ್ಟರೆ ಹೆಣ್ಣು. ಒಂದೂವರೆ ಡಿಗ್ರಿಯ ಅಂತರದಲ್ಲಿ ಒಂದು ಜಾತಿಯ ಮುಂದಿನ ನೂರು ವರ್ಷದ ಲೆಕ್ಕ ಅಡಗಿದೆ. ಹೆಣ್ಣು ಹೆಚ್ಚಿದ್ದರೆ ಸಂಖ್ಯೆ ಬೇಗ ಏರುತ್ತದಾದ್ದರಿಂದ ಹೆಚ್ಚು ಮೊಟ್ಟೆಗಳನ್ನು ಬಿಸಿ ಪೆಟ್ಟಿಗೆಗೆ ಹಾಕುತ್ತಾರೆ. ಬಿಸಿ ಮಿತಿ ಮೀರಿದರೆ ಮರಿಗಳು ವಿಕಲವಾಗುತ್ತವೆ ಅಥವಾ ಸಾಯುತ್ತವೆ, ತೇವ ಕಮ್ಮಿಯಾದರೆ ಮೊಟ್ಟೆ ಒಣಗುತ್ತದೆ. ಸುಮಾರು 120 ದಿನಕ್ಕೆ ಚಿಪ್ಪೊಡೆದು ಬಂದ ಮರಿಗಳನ್ನು ನೇರ ಬಿಸಿಲಿಗೆ ಬಿಡುವುದಿಲ್ಲ. ಕೆಲವು ವಾರ ಕತ್ತಲೆ ಪೆಟ್ಟಿಗೆಯಲ್ಲಿಡುತ್ತಾರೆ. ಕಾಡಿನಲ್ಲಿ ಮರಿ ಗಟ್ಟಿ ಮಣ್ಣನ್ನು ತೋಡಿ ಮೇಲೆ ಬರಲು ಅಷ್ಟೇ ದಿನ ಹಿಡಿಯುತ್ತದೆ, ಆ ಅವಧಿಯಲ್ಲಿ ಹೊಟ್ಟೆಗಂಟಿದ ಮೊಟ್ಟೆಯ ಹಳದಿಯೇ ಅದಕ್ಕೆ ಊಟ. ಪ್ರಕೃತಿಯ ಆ ತಡವನ್ನು ಇಲ್ಲಿ ಬೇಕೆಂದೇ ಉಳಿಸಿಕೊಂಡಿದ್ದಾರೆ.

ಆಮೇಲೆ ನಿಮಗೆ ಕಾಣುವ ದೊಡ್ಡಿಗಳ ಸರದಿ. ಎಳೆಯ ಮರಿಗಳ ದೊಡ್ಡಿಗೆ ಮೇಲಿನಿಂದಲೂ ಬಲೆಯಿದೆ, ಇಲಿ ನುಗ್ಗಬಾರದು ಅಂತ. ಹೊರಗಿನಿಂದ ಬಂದ ಬೆಂಕಿ ಇರುವೆಗಳೂ ಮರಿಗಳನ್ನು ಕಚ್ಚಿ ಕೊಲ್ಲಬಲ್ಲವು, ಅವುಗಳ ಮೇಲೂ ಕಣ್ಣಿರಬೇಕು. ಬೆನ್ನ ಮೇಲೆ ಬಳಿದ ನಂಬರಿನ ಬಣ್ಣ ನೋಡಿ: ಯಾವ ದ್ವೀಪದ ಮರಿ ಎಂಬುದನ್ನು ಆ ಬಣ್ಣ ಹೇಳುತ್ತದೆ. ಎರಡು ದ್ವೀಪದ ಮರಿಗಳು ಬೆರೆತರೆ ಇಡೀ ಕೆಲಸ ಮಣ್ಣುಪಾಲು, ಏಕೆಂದರೆ ಒಂದೊಂದು ದ್ವೀಪದ್ದೂ ಬೇರೆ ವಂಶ. ದೊಡ್ಡವಾದಂತೆ ಮರಿಗಳನ್ನು ಲಾವಾ ಕಲ್ಲು, ಪಾಪಾಸುಕಳ್ಳಿ ಇರುವ ಒರಟು ಆವರಣಕ್ಕೆ ಸಾಗಿಸುತ್ತಾರೆ. ನೋಡುವವರಿಗೆ ಇದು ಅಚ್ಚುಕಟ್ಟಿಲ್ಲದ, ಪಾಳುಬಿದ್ದ ಜಾಗದಂತೆ ಕಾಣುತ್ತದೆ. ನಿಜದಲ್ಲಿ ಅದು ತರಬೇತಿ. ಸಮತಟ್ಟು ನೆಲದಲ್ಲೇ ಬೆಳೆದ ಆಮೆ ಕಲ್ಲು ಹತ್ತಲು ಹೋಗಿ ಬೆನ್ನ ಮೇಲೆ ಬಿದ್ದರೆ, ತಿರುಗಿ ಏಳಲಾಗದೆ ಬಿಸಿಲಿಗೆ ಬೆಂದು ಸಾಯುತ್ತದೆ. ನಾಲ್ಕೈದು ವರ್ಷ ತುಂಬಿ, ಚಿಪ್ಪು ಇಪ್ಪತ್ತು ಸೆಂಟಿಮೀಟರ್ ದಾಟಿದ ಮೇಲೆ ಇಲಿಗೆ ಅದು ಜಗ್ಗುವುದಿಲ್ಲ; ಆಗ ದ್ವೀಪಕ್ಕೆ. ಹೊರಡುವ ಮುಂಚೆ ಕ್ವಾರಂಟೈನ್ ಇದೆ. ಹೊಟ್ಟೆಯಲ್ಲಿರುವ ಸಾಂತಾ ಕ್ರೂಸ್‌ನ ಬೀಜಗಳೆಲ್ಲ ಹೊರಬೀಳುವ ತನಕ, ಜಂತುಗಳು ಹೋಗುವ ತನಕ ಕಾಯಿಸುತ್ತಾರೆ. ಆಮೆಯ ಹೊಟ್ಟೆಯಲ್ಲಿ ಕಳೆ ಸವಾರಿ ಮಾಡಬಾರದಲ್ಲ.

ವಯಸ್ಕ ಆಮೆಗಳಿಗೆ ಸಾಮಾನ್ಯವಾಗಿ ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಮೇವು. ಕೆಸುವಿನ ಜಾತಿಯ ಒತೊಯ್ ಎಂಬ ಅಗಲ ಎಲೆಯ ಗಿಡವನ್ನು ದಂಟು ಸಮೇತ ಹೊರೆ ಹೊರೆ ತಂದು ಸಿಮೆಂಟಿನ ಕಟ್ಟೆ ಮೇಲೆ ಹಾಕುತ್ತಾರೆ. ಆ ಹೊತ್ತಿಗೆ ಹೋದವರು ಪುಣ್ಯವಂತರು. ಆಮೆಗೆ ಹಲ್ಲಿಲ್ಲ, ಗರಗಸದಂಥ ಅಂಚಿನ ಕೊಂಬಿನ ಕೊಕ್ಕಿದೆ. ದಂಟನ್ನು ಮುಂಗಾಲಿನಿಂದ ಅದುಮಿ ಹಿಡಿದು, ಕತ್ತನ್ನು ಹಿಂದಕ್ಕೆ ಎಳೆದು, ಹರಿದು, ನಾಲಗೆಯಿಂದ ಒಳಗೆ ತಳ್ಳಿಕೊಳ್ಳುತ್ತದೆ. ಎಲೆ ಹರಿಯುವ ಒದ್ದೆ ಸದ್ದು ನಾಲ್ಕು ಮಾರು ದೂರಕ್ಕೆ ಕೇಳಿಸುತ್ತದೆ. ಹತ್ತಿರ ಹೋದರೆ ತಲೆಯನ್ನು ಸರಕ್ಕನೆ ಒಳಗೆಳೆದುಕೊಳ್ಳುವಾಗ ಶ್ವಾಸಕೋಶದ ಗಾಳಿ ಬುಸ್ಸೆಂದು ಹೊರಬರುತ್ತದೆ. ಅದು ಸಿಟ್ಟಲ್ಲ, ತಲೆಗೆ ಜಾಗ ಮಾಡಿಕೊಳ್ಳಲು ಗಾಳಿ ಬಿಡಲೇಬೇಕು. ಮೇವಿನ ಸುತ್ತ ಫಿಂಚ್ ಹಕ್ಕಿಗಳು ನೆರೆದಿರುತ್ತವೆ. ಒಮ್ಮೊಮ್ಮೆ ಆಮೆ ನಾಲ್ಕೂ ಕಾಲನ್ನು ನೆಟ್ಟಗೆ ಮಾಡಿ, ಕತ್ತನ್ನು ಮೇಲಕ್ಕೆ ಚಾಚಿ ಕಲ್ಲಿನ ಹಾಗೆ ನಿಂತುಬಿಡುತ್ತದೆ. ಫಿಂಚ್ ಹತ್ತಿರ ಬಂದು ಅದರ ಚರ್ಮದ ಮಡಿಕೆಯಿಂದ ಉಣ್ಣಿ ಹುಳ ಹೆಕ್ಕುತ್ತದೆ. ಎರಡು ಮೀಟರ್ ಅಂತರ ಬಿಟ್ಟು, ಫ್ಲ್ಯಾಶ್ ಹಾಕದೆ, ಸುಮ್ಮನೆ ನಿಂತರೆ ಕಾಣಸಿಗುವ ನೋಟ ಇದು.

ಎಸ್ಪನ್ಯೋಲಾ ದ್ವೀಪದ ಆಮೆಗಳ ಕಥೆಯನ್ನು ಮಾರ್ಗದರ್ಶಿಗಳು ಹೇಳುವ ರೀತಿಯ ಬಗ್ಗೆ ಒಂದು ತಕರಾರು. 1963ರಿಂದ 1974ರವರೆಗೆ ಹುಡುಕಿದರೂ ಆ ದ್ವೀಪದಲ್ಲಿ ಸಿಕ್ಕಿದ್ದು ಹದಿನಾಲ್ಕೇ ಆಮೆ: ಹನ್ನೆರಡು ಹೆಣ್ಣು, ಎರಡು ಗಂಡು. ಒಂದನ್ನೊಂದು ಭೇಟಿಯಾಗಲಾರದಷ್ಟು ಚದುರಿಹೋಗಿದ್ದವು. ಅಮೆರಿಕದ ಸ್ಯಾನ್ ಡಿಯಾಗೊ ಮೃಗಾಲಯದಿಂದ ಮೂರನೆಯ ಗಂಡು ಬಂತು, ಅದೇ ಡಿಯಾಗೊ. ಜಗತ್ತೆಲ್ಲ ಅದರ ಹೆಸರನ್ನೇ ಹಾಡಿತು. ತಳಿ ಪರೀಕ್ಷೆ ಮಾಡಿದಾಗ ಮರಿಗಳಲ್ಲಿ ಸುಮಾರು 40 ಪ್ರತಿಶತ ಡಿಯಾಗೊದವು, ಸುಮಾರು 60 ಪ್ರತಿಶತ ಇ5 ಎಂಬ ನಂಬರಿನ, ಹೆಸರೂ ಇಲ್ಲದ ಇನ್ನೊಂದು ಗಂಡಿನವು. ಮೂರನೆಯದರ ಪಾಲು ಇಲ್ಲವೆನ್ನುವಷ್ಟು ಕಮ್ಮಿ. ಇದು ಬರೀ ತಮಾಷೆಯ ಅಂಕಿಯಲ್ಲ. ಎರಡು ಸಾವಿರ ಆಮೆಗಳಿಗೆ ಹೆಚ್ಚುಕಮ್ಮಿ ಇಬ್ಬರೇ ಅಪ್ಪಂದಿರು ಎಂದರೆ ಆ ಇಡೀ ಕುಲದ ತಳಿ ವೈವಿಧ್ಯ ಎಷ್ಟು ಕಿರಿದು ಎಂಬುದನ್ನು ಹೇಳುವ ಅಂಕಿ. ವಿವರಣೆಯಲ್ಲಿ ಡಿಯಾಗೊನ ಗಂಡಸುತನಕ್ಕೆ ಸಿಗುವ ಸಮಯದಲ್ಲಿ ಕಾಲುಭಾಗವಾದರೂ ಈ ಮಾತಿಗೆ ಸಿಗಬೇಕು. ಡಿಯಾಗೊ ಸೇರಿ ಉಳಿದ ಹದಿನೈದೂ ಆಮೆಗಳನ್ನು 2020ರ ಜೂನ್‌ನಲ್ಲಿ ಎಸ್ಪನ್ಯೋಲಾಕ್ಕೆ ಮರಳಿ ಬಿಟ್ಟಿದ್ದಾರೆ, ಹಾಗಾಗಿ ಅವನನ್ನು ಹುಡುಕಿಕೊಂಡು ಇಲ್ಲಿಗೆ ಬರಬೇಡಿ. ಪಿನ್ಸೋನ್ ದ್ವೀಪದ್ದು ಇದಕ್ಕಿಂತ ನೆಮ್ಮದಿಯ ಕಥೆ. ಅಲ್ಲಿ ಹಡಗಿನಲ್ಲಿ ಬಂದ ಇಲಿಗಳು ಒಂದು ಶತಮಾನಕ್ಕೂ ಹೆಚ್ಚು ಕಾಲ ಒಂದೂ ಮರಿಯನ್ನು ಉಳಿಯಗೊಡಲಿಲ್ಲ. 2012ರಲ್ಲಿ ಹೆಲಿಕಾಪ್ಟರಿನಿಂದ ವಿಷದ ಗುಳಿಗೆ ಉದುರಿಸಿ ಇಲಿ ನಿರ್ಮೂಲ ಮಾಡಿದ ಮೇಲೆ, ಎರಡು ಮೂರು ವರ್ಷದೊಳಗೆ ಕಾಡಿನಲ್ಲೇ ಹುಟ್ಟಿದ ಮರಿಗಳು ಕಣ್ಣಿಗೆ ಬಿದ್ದವು.

ಲೋನ್ಸಮ್ ಜಾರ್ಜ್‌ನ ಕೋಣೆ ಪ್ರತ್ಯೇಕ. ಪಿಂಟಾ ದ್ವೀಪದ ಕೊನೆಯ ಆಮೆ. 1971ರಲ್ಲಿ ಕಣ್ಣಿಗೆ ಬಿದ್ದು, 1972ರಲ್ಲಿ ಇಲ್ಲಿಗೆ ಬಂದು, ನಲವತ್ತು ವರ್ಷ ಇದ್ದು, 2012ರ ಜೂನ್ 24ರಂದು ಸತ್ತ. ನ್ಯೂಯಾರ್ಕಿನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯಲ್ಲಿ ದೇಹವನ್ನು ಸಂರಕ್ಷಿಸಿ 2017ರ ಫೆಬ್ರುವರಿಯಲ್ಲಿ ವಾಪಸು ತಂದರು. ಒಳಗೆ ಬಿಡುವ ಮುಂಚೆ ಸಣ್ಣ ಗುಂಪನ್ನು ಮುಂಗೋಣೆಯಲ್ಲಿ ಕೆಲವು ನಿಮಿಷ ನಿಲ್ಲಿಸುತ್ತಾರೆ. ಬೆವರು, ತೇವ, ಧೂಳು ಒಳಗೆ ಹೋದರೆ ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ ಎಂಬುದು ಕಾರಣ, ಕಾಯಿಸುತ್ತಾರೆಂದು ಬೇಸರಪಡಬೇಡಿ. ಒಳಗೆ ತಂಪು, ಮಬ್ಬು ಬೆಳಕು, ಕತ್ತು ಚಾಚಿ ನಿಂತ ಜಾರ್ಜ್. ಕುದುರೆಯ ಜೀನಿನ ಆಕಾರದ ಚಿಪ್ಪು ಕತ್ತಿನ ಮೇಲೆ ಎಷ್ಟು ಎತ್ತರಕ್ಕೆ ಬಾಗಿದೆ ನೋಡಿ. ಒಣ ದ್ವೀಪದಲ್ಲಿ ಎತ್ತರದ ಕಳ್ಳಿಯ ಎಲೆಗೆ ಬಾಯಿ ಎಟುಕಲಿ ಎಂದೇ ಆದ ಆಕಾರ ಅದು. ಹಸಿರು ಹೆಚ್ಚಿರುವ ಎತ್ತರದ ಪ್ರದೇಶದ ಆಮೆಗಳಿಗೆ ಗುಮ್ಮಟದಂಥ ದುಂಡು ಚಿಪ್ಪು. ಎರಡನ್ನೂ ಒಂದೇ ಬೆಳಿಗ್ಗೆ ಹೋಲಿಸಿ ನೋಡುವ ಅವಕಾಶ ಇಲ್ಲಿದೆ. ಪಿಂಟಾಕ್ಕೆ ಮೀನುಗಾರರು 1959ರಲ್ಲಿ ಬಿಟ್ಟ ಮೂರು ಮೇಕೆಗಳು ಹತ್ತು ಹದಿನೈದು ವರ್ಷದಲ್ಲಿ ಹತ್ತಾರು ಸಾವಿರವಾಗಿ ದ್ವೀಪವನ್ನೇ ಮೇಯ್ದು ಬೋಳಾಗಿಸಿದವು. ಜಾರ್ಜ್ ಒಂಟಿಯಾಗಿದ್ದರ ಹಿಂದೆ ಈ ಮೇಕೆಗಳೂ ಇವೆ, ಅವಕ್ಕೆ ಮುಂಚೆ ಆಮೆಗಳನ್ನು ಮಾಂಸಕ್ಕಾಗಿ ಹಡಗಿಗೆ ಹೊತ್ತೊಯ್ದ ತಿಮಿಂಗಿಲ ಬೇಟೆಗಾರರೂ ಇದ್ದಾರೆ.

ಇನ್ನು ಸಂಶೋಧನಾ ಕೇಂದ್ರದ ಪ್ರದರ್ಶನ ಕೋಣೆ. ತಿಮಿಂಗಿಲದ ಅಸ್ಥಿಪಂಜರ ಕಣ್ಣು ಸೆಳೆಯುತ್ತದೆ, ಫಲಕಗಳು ಸ್ಪ್ಯಾನಿಷ್ ಮತ್ತು ಇಂಗ್ಲಿಷ್‌ನಲ್ಲಿವೆ, ಓದಲು ಅರ್ಧ ಗಂಟೆ ಸಾಕು. ಕೊರತೆ ಇರುವುದು ಇಲ್ಲೇ. ಕೇಂದ್ರದ ಸಂಗ್ರಹದಲ್ಲಿ ಒಣಸಸ್ಯ, ಕೀಟ, ಪ್ರಾಣಿ, ಕಡಲಜೀವಿ ಎಲ್ಲ ಸೇರಿ 1,37,000ಕ್ಕೂ ಹೆಚ್ಚು ಮಾದರಿಗಳಿವೆ. ಪ್ರವಾಸಿಗೆ ಕಾಣುವುದು ಅದರ ತುಣುಕು ಮಾತ್ರ. ಕಡಲ ವಿಭಾಗದವರು ಸೇರಿ 2016ರಲ್ಲಿ ಪ್ರಕಟಿಸಿದ ಅಧ್ಯಯನ ಡಾರ್ವಿನ್ ಮತ್ತು ವುಲ್ಫ್ ದ್ವೀಪಗಳ ಸುತ್ತ ಹೆಕ್ಟೇರಿಗೆ 17.5 ಟನ್ ಮೀನು, ಅದರಲ್ಲಿ 12.4 ಟನ್ ಶಾರ್ಕ್‌ಗಳೇ ಎಂದು ಲೆಕ್ಕ ಹಾಕಿತು. ಅದುವರೆಗೆ ಜಗತ್ತಿನಲ್ಲಿ ದಾಖಲಾದ ಅತಿ ಹೆಚ್ಚಿನ ಶಾರ್ಕ್ ತೂಕ ಅದು. ಅಂಥ ಕೆಲಸಕ್ಕೆ ಎರಡು ಫಲಕ ಸಾಲದು.

ಎಲ್ಲಕ್ಕಿಂತ ತುರ್ತಿನ ಕೆಲಸ ನಡೆಯುತ್ತಿರುವುದು ನೊಣದ ಮೇಲೆ. ಫಿಲಾರ್ನಿಸ್ ಡೌನ್ಸಿ ಎಂಬ ಈ ನೊಣ ದಕ್ಷಿಣ ಅಮೆರಿಕದ ಭೂಖಂಡದಿಂದ ಬಂದದ್ದು. ಫಿಂಚ್‌ಗಳ ಗೂಡಿನಲ್ಲಿ ಅದರ ಹುಳುಗಳು ಸಿಕ್ಕಿದ್ದು 1997ರಲ್ಲಿ. ಬೆಳೆದ ನೊಣ ನಿರುಪದ್ರವಿ, ಹಣ್ಣಿನ ರಸ ಹೀರಿಕೊಂಡಿರುತ್ತದೆ. ಗೂಡಿನಲ್ಲಿಟ್ಟ ಮೊಟ್ಟೆಯಿಂದ ಬಂದ ಹುಳುಗಳು ಮೊದಲು ಹಕ್ಕಿಮರಿಯ ಮೂಗಿನ ಹೊಳ್ಳೆ ಹೊಗುತ್ತವೆ, ಬೆಳೆದಂತೆ ಹಗಲು ಗೂಡಿನ ತಳದಲ್ಲಿ ಅಡಗಿ, ರಾತ್ರಿ ಮೇಲೆ ಬಂದು ರಕ್ತ ಹೀರುತ್ತವೆ. ಬದುಕುಳಿದ ಹಕ್ಕಿಯ ಕೊಕ್ಕಿನ ಹೊಳ್ಳೆ ಜೀವನಪೂರ್ತಿ ಊನವಾಗಿರುವುದುಂಟು. ಇಸಬೆಲಾ ದ್ವೀಪದ ಕರಾವಳಿಯ ಮ್ಯಾಂಗ್ರೋವ್ ಕಾಡಿನಲ್ಲಿ ಮಾತ್ರ ಉಳಿದಿರುವ ಮ್ಯಾಂಗ್ರೋವ್ ಫಿಂಚ್ ನೂರರ ಆಸುಪಾಸಿಗೆ ಇಳಿದಿದೆ. ಮರ ಹತ್ತಿ ಒಂದೊಂದೇ ಗೂಡಿನ ತಳಕ್ಕೆ ಕೀಟನಾಶಕ ಚುಚ್ಚುತ್ತಾರೆ. 2014ರಿಂದ ಕೆಲವು ವರ್ಷ ಮೊಟ್ಟೆಗಳನ್ನೇ ಗೂಡಿನಿಂದ ತೆಗೆದು ಇಲ್ಲಿಗೆ ತಂದು, ಮರಿ ಮಾಡಿಸಿ, ಕೈತುತ್ತು ಕೊಟ್ಟು ಬೆಳೆಸಿ ಮರಳಿ ಬಿಟ್ಟರು. ಇದು ಕೊನೆಯಿಲ್ಲದ ಕೆಲಸ ಎಂಬುದು ಅವರಿಗೂ ಗೊತ್ತು. ಅದಕ್ಕೇ ನೊಣದ ಸಹಜ ಶತ್ರುವಾದ ಒಂದು ಜಾತಿಯ ಕಣಜವನ್ನು ಅಭ್ಯಾಸ ಮಾಡುತ್ತಿದ್ದಾರೆ. ಆ ಅಭ್ಯಾಸಕ್ಕೆ ನೊಣವನ್ನು ಪ್ರಯೋಗಾಲಯದಲ್ಲಿ ಸಾಕಬೇಕು. ಅದೇ ವರ್ಷಗಟ್ಟಲೆ ಕೈಕೊಟ್ಟ ಹಂತ. ಪಂಜರದಲ್ಲಿ ನೊಣ ಸುಲಭಕ್ಕೆ ಸಂತಾನ ಬೆಳೆಸುವುದಿಲ್ಲ, ಹುಳುಗಳಿಗೆ ಹಕ್ಕಿಯ ಬದಲು ಕೋಳಿರಕ್ತ ಉಣಿಸಿ ಬೆಳೆಸುವುದನ್ನು ಕಲಿಯಬೇಕಾಯಿತು.

ಹೊರಗಿನ ಕೀಟವನ್ನು ಕೊಲ್ಲಲು ಹೊರಗಿನದೇ ಇನ್ನೊಂದು ಕೀಟ ತರುವುದೆಂದರೆ ಯಾರಿಗಾದರೂ ಎದೆ ಝಲ್ಲೆನ್ನಬೇಕು. ಕೇಂದ್ರ ಇದನ್ನು ಒಮ್ಮೆ ಮಾಡಿ ತೋರಿಸಿದೆ. 1982ರಲ್ಲಿ ಕಾಣಿಸಿಕೊಂಡ, ಹತ್ತಿಯಂಥ ಮೇಣ ಹೊದ್ದ ಶಲ್ಕ ಕೀಟ ಸ್ಥಳೀಯ ಗಿಡಗಳ ರಸ ಹೀರಿ ಒಣಗಿಸುತ್ತಿತ್ತು. ಆಸ್ಟ್ರೇಲಿಯಾ ಮೂಲದ ಗುಲಗಂಜಿ ಹುಳುವೊಂದನ್ನು ಇಲ್ಲಿನ ಮುಚ್ಚಿದ ಕೋಣೆಯಲ್ಲಿ ವರ್ಷಗಟ್ಟಲೆ ಪರೀಕ್ಷಿಸಿದರು: ಸ್ಥಳೀಯ ಕೀಟಗಳನ್ನು ತಿನ್ನುತ್ತದೆಯೇ, ಹಕ್ಕಿ ಅದನ್ನು ತಿಂದರೆ ವಿಷವಾಗುತ್ತದೆಯೇ ಅಂತೆಲ್ಲ. 2002ರಲ್ಲಿ ಬಿಡುಗಡೆ ಮಾಡಿದರು, ಶಲ್ಕ ಕೀಟ ಹತೋಟಿಗೆ ಬಂತು. ಕಣಜದ ವಿಷಯದಲ್ಲಿ ಇವರು ತೋರುತ್ತಿರುವ ನಿಧಾನ ಈ ಪಾಠದ್ದೇ. ಇದನ್ನೆಲ್ಲ ಗಾಜಿನ ಆಚೆಯಿಂದಾದರೂ ನೋಡುವ ಒಂದು ಕಿಟಕಿ ಸಂದರ್ಶಕರಿಗೆ ಬೇಕಿತ್ತು. ಪ್ರಯೋಗಾಲಯಕ್ಕೆ ಜನರನ್ನು ಬಿಡಲಾಗದು ಎಂಬುದು ಒಪ್ಪುವ ಮಾತೇ, ಆದರೆ ಈ ಕೇಂದ್ರದ ಅತ್ಯುತ್ತಮ ವಿಜ್ಞಾನ ಇವತ್ತು ಮುಚ್ಚಿದ ಬಾಗಿಲ ಹಿಂದಿದೆ. ನಿಮ್ಮ ಮಾರ್ಗದರ್ಶಿಯನ್ನು ಫಿಲಾರ್ನಿಸ್ ಬಗ್ಗೆ ನೀವಾಗಿಯೇ ಕೇಳಿ, ಬಹಳಷ್ಟು ಹೇಳುತ್ತಾರೆ. ಎತ್ತರದ ಕಾಡನ್ನು ಮುಚ್ಚುತ್ತಿರುವ ಮುಳ್ಳು ಬೆರಿ ಗಿಡದ ಬಗ್ಗೆಯೂ ಕೇಳಿ. ಅದು ಏಷ್ಯಾದಿಂದ ಬಂದ ಗಿಡ, ಇಂಗ್ಲಿಷಿನಲ್ಲಿ ಅದಕ್ಕೆ ಮೈಸೂರ್ ರಾಸ್ಪ್‌ಬೆರಿ ಎಂಬ ಹೆಸರೂ ಇದೆ.

ದಾರಿಯುದ್ದಕ್ಕೂ ಇರುವ ಸ್ಥಳೀಯ ಗಿಡಗಳ ತೋಟವನ್ನು ಜನ ಓಡಿ ದಾಟುತ್ತಾರೆ, ಹಾಗೆ ಮಾಡಬೇಡಿ. ಮರದೆತ್ತರ ಬೆಳೆದ ಪಾಪಾಸುಕಳ್ಳಿ, ಹಳದಿ ಹೂವಿನ ಮುಯೂಯೊ, ಊದುಬತ್ತಿಯ ಪರಿಮಳದ ಪಾಲೊ ಸಾಂತೊ ಎಲ್ಲ ಇಲ್ಲಿವೆ. ಮಂಚನೀಲ್ ಮರದ ಎಲೆ, ಹಣ್ಣು ಮುಟ್ಟಬಾರದು. ಅದರ ಹಾಲು ಚರ್ಮ ಸುಡುತ್ತದೆ. ಆಮೆಗಳು ಮಾತ್ರ ಅದರ ಹಣ್ಣನ್ನು ಆರಾಮವಾಗಿ ತಿನ್ನುತ್ತವೆ. ಕೇಂದ್ರದ ಗಲಾಪಗೋಸ್ ವೆರ್ದೆ 2050 ಯೋಜನೆಯ ಪೆಟ್ಟಿಗೆಯೂ ಗಮನಿಸುವಂಥದ್ದು. ನಡುವೆ ತೂತಿರುವ, ಮುಚ್ಚಳವಿರುವ ದುಂಡು ಪ್ಲಾಸ್ಟಿಕ್ ತೊಟ್ಟಿ; ಹದಿನೈದು ಲೀಟರ್ ಆಸುಪಾಸು ನೀರು ಹಿಡಿಯುತ್ತದೆ. ಸಸಿಯನ್ನು ನಡುವಿನ ತೂತಿನಲ್ಲಿ ನೆಡುತ್ತಾರೆ. ಮುಚ್ಚಳದ ಮೇಲೆ ಬಿದ್ದ ಮಳೆ, ಇಬ್ಬನಿ ತೊಟ್ಟಿಗೆ ಇಳಿಯುತ್ತದೆ. ತಳದ ಬತ್ತಿ ದಿನಕ್ಕೆ ಕೆಲವೇ ಚಮಚದಷ್ಟು ನೀರನ್ನು ಬೇರಿಗೆ ಜಿನುಗಿಸುತ್ತದೆ. ಬೇಕೆಂದೇ ಕಮ್ಮಿ ಕೊಡುವುದು, ಬೇರು ನೀರು ಹುಡುಕಿಕೊಂಡು ಆಳಕ್ಕೆ ಇಳಿಯಲಿ ಅಂತ. ಎಸ್ಪನ್ಯೋಲಾದಲ್ಲಿ ಮೇಕೆಗಳು ತಿಂದು ಮುಗಿಸಿದ್ದ ಕಳ್ಳಿಯನ್ನು ಮತ್ತೆ ಬೆಳೆಸಲು ಇಂಥ ಪೆಟ್ಟಿಗೆಗಳನ್ನು ಬಳಸುತ್ತಿದ್ದಾರೆ. ಆಮೆ ಮರಳಿತು, ಆಮೆಗೆ ಮೇವೂ ಬೇಕಲ್ಲ.

ಅಂಗಡಿ ಚೆನ್ನಾಗಿದೆ, ಊರಿನ ಅಂಗಡಿಗಳಿಗಿಂತ ದುಬಾರಿ. ಕೊಟ್ಟ ಹೆಚ್ಚಿನ ದುಡ್ಡು ಸಂಶೋಧನೆಗೆ ಹೋಗುತ್ತದೆ ಎಂಬುದನ್ನು ನೆನಪಿಟ್ಟರೆ ಅದು ದುಬಾರಿಯಲ್ಲ. 2014ರಲ್ಲಿ ಈ ಅಂಗಡಿ ಮುಚ್ಚಬೇಕಾಗಿ ಬಂದಾಗ ಕೇಂದ್ರವೇ ಬಾಗಿಲು ಹಾಕುವ ಸ್ಥಿತಿಗೆ ಬಂದಿತ್ತು.

ಪ್ರವಾಸಿಯಾಗಿ ಅಲ್ಲದೆ ಸಂಶೋಧಕರಾಗಿ ಬರುವವರಿಗೆ ಬೇರೆಯೇ ಲೆಕ್ಕ. ಕೇಂದ್ರ ಜಾಗ, ಪ್ರಯೋಗಾಲಯ, ಅನುಭವಿಗಳ ನೆರವು ಕೊಡಬಲ್ಲದು. ಅನುಮತಿ ಕೊಡುವ ಅಧಿಕಾರ ಅದಕ್ಕಿಲ್ಲ, ಅದು ಉದ್ಯಾನದ ಕೈಯಲ್ಲಿದೆ. ಪ್ರಸ್ತಾವವನ್ನು ತಿಂಗಳುಗಟ್ಟಲೆ ಮುಂಚೆ ಕಳಿಸಬೇಕು, ಮಾದರಿಗಳನ್ನು ದೇಶದಿಂದ ಹೊರಗೆ ಒಯ್ಯಲು ಇನ್ನೊಂದು ಅನುಮತಿ, ತಳಿವಿಜ್ಞಾನದ ಕೆಲಸವಾದರೆ ಮತ್ತೊಂದು ಒಪ್ಪಂದ. ಸಾಮಾನ್ಯವಾಗಿ ಎಡವುವುದು ಇಲ್ಲೇ: ಕ್ಷೇತ್ರಕಾರ್ಯ ಮುಗಿಯುತ್ತದೆ, ಮಾದರಿಗಳು ಫ್ರೀಜರಿನಲ್ಲೇ ಕುಳಿತಿರುತ್ತವೆ. ಮನುಷ್ಯರಿಲ್ಲದ ದ್ವೀಪಗಳಿಗೆ ಹೋಗುವುದಾದರೆ ಡೇರೆ, ಚೀಲ, ಹಗ್ಗ, ಆಹಾರ ಎಲ್ಲವೂ ಕ್ವಾರಂಟೈನ್ ಕೋಣೆಯ ಮೂಲಕವೇ ಹೋಗಬೇಕು. ಒಗೆದ ಬಟ್ಟೆ, ಉಜ್ಜಿದ ಬೂಟು, ಹುಳ ಸಾಯಲೆಂದು ಹೆಪ್ಪುಗಟ್ಟಿಸಿದ ಸಾಮಾನು. ವೆಲ್ಕ್ರೊ ಪಟ್ಟಿ ಮತ್ತು ಕಾಲುಚೀಲದ ಹೆಣಿಗೆಯನ್ನು ಚಿಮಟಿಯಿಂದ ಬಿಡಿಸಿ ನೋಡಿ, ಬೀಜ ಅಂಟಿಕೊಳ್ಳುವುದು ಅಲ್ಲೇ. ಟೊಮೆಟೊ, ಸೀಬೆ, ಪ್ಯಾಷನ್ ಫ್ರೂಟ್ ನಿಷಿದ್ಧ. ಹೊರಡುವ ಮುಂಚಿನ ದಿನಗಳಲ್ಲೂ ತಿನ್ನದಿರುವುದು ಒಳ್ಳೆಯದು. ಇವುಗಳ ಬೀಜ ಮನುಷ್ಯನ ಹೊಟ್ಟೆ ದಾಟಿ ಬಂದರೂ ಮೊಳೆಯುತ್ತದೆ. ಆಮೆಗೆ ಇರುವ ನಿಯಮವೇ ವಿಜ್ಞಾನಿಗೂ.

ನೀರಿನ ಬಾಟಲಿ ತುಂಬಿಸಿಕೊಂಡೇ ಹೋಗಿ. ಊರಿನ ನಲ್ಲಿ ನೀರು ಸವುಳು, ಕುಡಿಯಲಾಗದು, ಹಲ್ಲುಜ್ಜಲೂ ಬಳಸಬೇಡಿ. ಜನವರಿಯಿಂದ ಮೇವರೆಗೆ ಸೆಕೆ, ನಡುನಡುವೆ ಜೋರು ಮಳೆ, ಸೊಳ್ಳೆ. ಜೂನ್‌ನಿಂದ ನವೆಂಬರ್ ತನಕ ತಂಪು, ಗರೂವಾ ಎಂದು ಕರೆಯುವ ಸೋನೆ. ಆಮೆ ನೋಡಲು ಈ ಕಾಲವೇ ವಾಸಿ. ಬೇಸಿಗೆಯ ಮಧ್ಯಾಹ್ನ ಹನ್ನೊಂದಾದ ಮೇಲೆ ದೊಡ್ಡ ಆಮೆಗಳು ನೆರಳಿನಲ್ಲಿ ಬಿದ್ದುಕೊಂಡರೆ ನಾಲ್ಕರ ತನಕ ಅಲ್ಲಾಡುವುದಿಲ್ಲ. ಗಾಲಿಕುರ್ಚಿಯವರಿಗೆ ಮುಖ್ಯ ದಾರಿ ಅನುಕೂಲವಾಗಿದೆ, ಆದರೆ ಲಾವಾ ಕಲ್ಲಿನ ಕವಲು ದಾರಿಗಳು ಕಷ್ಟ. ಬರುವಾಗ ಲಾ ರತೋನೇರಾ ದಡದಲ್ಲಿ ಹತ್ತು ನಿಮಿಷ ಕುಳಿತರೆ ಕಡಲ ಇಗುವಾನಾಗಳು ಮೂಗಿನಿಂದ ಉಪ್ಪುನೀರು ಸೀನುವುದನ್ನು ನೋಡಬಹುದು, ಅದಕ್ಕೆ ಟಿಕೆಟ್ಟಿಲ್ಲ. ದಿನ ಆರಿಸಿಕೊಳ್ಳುವ ಅವಕಾಶವಿದ್ದರೆ ಮೇವಿನ ದಿನ, ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ, ಆಮೆ ಆವರಣದಿಂದ ಶುರುಮಾಡಿ. ಬಿಸಿಲೇರಿದ ಮೇಲೆ ಪ್ರದರ್ಶನ ಕೋಣೆ, ಕೊನೆಗೆ ಜಾರ್ಜ್. ಅಷ್ಟು ಹೊತ್ತಿಗೆ ಹಡಗಿನ ತಂಡಗಳು ಊಟಕ್ಕೆ ಹೊರಟಿರುತ್ತವೆ, ಮುಂಗೋಣೆಯಲ್ಲಿ ಕಾಯಬೇಕಾದ ಸರದಿಯೂ ಕರಗಿರುತ್ತದೆ.